ಟ್ರೀಟ್‌ಮೆಂಟ್ ಮುಗೀತು, ತವರಿಗೆ ಹೋಗಬೇಕು. ಆದರೆ ಅಮ್ಮನಿಗೆ ಏನೂ ಹೇಳಿಲ್ಲ

ತೋಟದಮನೆ ಕೂಸು | ಜನವರಿ 7

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಕೀಮೋ ಆದ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಆಗ ನಿಮ್ಮ ಹಳೇ ಚರ್ಚೆಗಳೇ ಗತಿ. ಬರೆಯುತ್ತಿರುವುದು ಇದೇ ಮೊದಲು.

ನನಗೆ 46. ಎಡ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ಹೋದ ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ ತೆಗೆದರು. ಮೇ ಕೊನೆಯಿಂದ ಕೀಮೋ. ಮೂರು ವಾರಕ್ಕೊಂದರಂತೆ ನಾಲ್ಕು ಸಲ ಆ ಕೆಂಪು ಔಷಧಿ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಡಿಸೆಂಬರ್‌ನಲ್ಲಿ 15 ರೇಡಿಯೇಷನ್. ಈಗ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ. ಡಾಕ್ಟರು "ಊರಿಗೆ ಹೋಗಿ ಬನ್ನಿ, ತೊಂದರೆ ಇಲ್ಲ" ಅಂದಿದ್ದಾರೆ. ಕೂದಲು ಒಂದು ಇಂಚು ಬಂದಿದೆ. ಉಗುರು ಇನ್ನೂ ಕಪ್ಪು. ಪಾದ ಜುಮ್ಮೆನ್ನುತ್ತದೆ, ಎಷ್ಟೋ ಸಲ ಚಪ್ಪಲಿ ಜಾರಿ ಹೋಗಿದ್ದೇ ಗೊತ್ತಾಗುವುದಿಲ್ಲ.

ತವರು ಸಾಗರದ ಹತ್ತಿರ ಒಂದು ಹಳ್ಳಿ. ಅಡಿಕೆ ತೋಟ. ಅಣ್ಣ, ಅತ್ತಿಗೆ, ಅಮ್ಮ ಇದ್ದಾರೆ. ದೊಡ್ಡಮ್ಮನ ಮನೆ ತುಮರಿ ಕಡೆ, ಶರಾವತಿ ಹಿನ್ನೀರು ದಾಟಿ. ಜನವರಿ 26 ಸೋಮವಾರ ಬಂದಿದೆ. ಹಿಂದೆ ಮುಂದೆ ಎರಡು ದಿನ ರಜೆ ಹಾಕಿ ನಾವು ನಾಲ್ಕೂ ಜನ ಹೋಗುವುದು ಅಂತ ಯೋಚನೆ. ಊರಲ್ಲಿ ಆಲೆಮನೆಯೂ ಶುರುವಾಗಿರುತ್ತದೆ. ಮಗಳು ಈಗಲೇ ನೊರೆಬೆಲ್ಲದ ಜಪ ಮಾಡುತ್ತಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮನಿಗೆ 74. ನನ್ನ ರಿಪೋರ್ಟ್ ಬಂದಾಗ ಅಪ್ಪಯ್ಯ ಹೋಗಿ ವರ್ಷವೂ ಆಗಿರಲಿಲ್ಲ. ಅಣ್ಣ "ಅಮ್ಮ ತಡ್ಕೊಳ್ಳಲ್ಲ, ಹೇಳೋದು ಬೇಡ" ಅಂದ. ನಾನೂ ಹೂಂ ಅಂದೆ. ಸಣ್ಣ ಗಡ್ಡೆ ಇತ್ತು, ತೆಗೆದರು ಅಂತ ಮಾತ್ರ ಅವಳಿಗೆ ಗೊತ್ತು. ಚೌತಿಗೆ ಹೋಗಲಿಲ್ಲ, ಮಗನಿಗೆ ಕಾಲೇಜು ಅಂದೆ. ನವರಾತ್ರಿಗೆ ಇವರಿಗೆ ರಜೆ ಇಲ್ಲ ಅಂದೆ. ದೀಪಾವಳಿಗೆ ನನಗೆ ಜ್ವರ. ವಿಡಿಯೋ ಕಾಲ್ ಮಾಡು ಅಂದರೆ ಫೋನಿನ ಕ್ಯಾಮೆರಾ ಕೆಟ್ಟಿದೆ. ಎಂಟು ತಿಂಗಳಾದರೂ ರಿಪೇರಿ ಆಗದ ಕ್ಯಾಮೆರಾ ನನ್ನದು.

ಅಣ್ಣ ಈಗ "ವಿಗ್ ಹಾಕ್ಕೊಂಡು ಬಾ" ಅನ್ನುತ್ತಿದ್ದಾನೆ. ಹೋದ ದಿನವೇ ತಲೆಗೆ ಎಣ್ಣೆ ಹಚ್ಚುವ ಅಮ್ಮನ ಮುಂದೆ ವಿಗ್ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ?

ಹೀಗೆ ಹೋಗಿ ಬಂದವರು ಯಾರಾದರೂ ಇದ್ದರೆ ಬರೆಯಿರಿ. ಪ್ರಯಾಣ, ಊಟ, ಅಮ್ಮ, ಏನು ಹೇಳಿದರೂ ಸರಿ.

ಜಯನಗರದ ಅಕ್ಕ | ಜನವರಿ 7

ತಂಗೀ, ಮೊದಲು ಇಷ್ಟು ದೂರ ಬಂದಿದ್ದಕ್ಕೆ ಸಂತೋಷ. ನನಗೆ ಇದೇ ಕಾಯಿಲೆ, ಇದೇ ಎಡಗಡೆ, ಮುಗಿದು ಆರು ವರ್ಷ. ಕಿದ್ವಾಯಿಯಲ್ಲಿ ತೋರಿಸಿದ್ದು.

ಅಮ್ಮನ ವಿಷಯ ಆಮೇಲೆ. ಮೊದಲು ಕೈ. ಗಂಟು ತೆಗೆದ ಕೈ ಅದು, ಬಾವು ಬಂತು ಅಂದರೆ ಇಳಿಸುವುದು ಕಷ್ಟ. ಆ ಕೈಯಲ್ಲಿ ಭಾರದ ಬ್ಯಾಗ್ ಎತ್ತಬೇಡ. ಊರಲ್ಲಿ ಯಾವುದೋ ಕ್ಲಿನಿಕ್ಕಿಗೆ ಹೋಗಬೇಕಾಗಿ ಬಂದರೆ ಸೂಜಿ, ಬಿ.ಪಿ. ಎರಡೂ ಬಲಗೈಗೆ ಅಂತ ನೀನೇ ಬಾಯಿ ಬಿಟ್ಟು ಹೇಳು. ಮುಳ್ಳು, ಬೆಕ್ಕಿನ ಪರಚು, ಮೆಟ್ಟುಗತ್ತಿ ಎಲ್ಲದರಿಂದ ದೂರ. ಸಣ್ಣ ಗಾಯ ಆದರೂ ತೊಳೆದು ಆಂಟಿಸೆಪ್ಟಿಕ್ ಹಚ್ಚು, ಕೆಂಪಾಗಿ ಬಿಸಿ ಆದರೆ ಕಾಯಬೇಡ. ತವರಿಗೆ ಹೋದವಳಿಗೆ ಬಳೆ ಇಡಿಸದೆ ಬಿಡುತ್ತಾರಾ? ಆ ಕೈಗೆ ಬಿಗಿ ಬಳೆ ಬೇಡ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಬಚ್ಚಲು. ನಿಮ್ಮ ಕಡೆ ಹಂಡೆ ನೀರು ಕುದಿಯುತ್ತಾ ಇರುತ್ತೆ ಅಲ್ವಾ? ಜುಮ್ಮೆನ್ನುವ ಕಾಲಿಗೆ ಬಿಸಿ ಸರಿಯಾಗಿ ಗೊತ್ತಾಗಲ್ಲ. ನಾನು ನಾದಿನಿ ಮನೆಗೆ ಹೋದಾಗ ಹದ ನೋಡದೆ ಕಾಲ ಮೇಲೆ ನೀರು ಹುಯ್ದುಕೊಂಡೆ. ನೋವೇ ಆಗಲಿಲ್ಲ. ಸಂಜೆ ನೋಡಿದರೆ ಬೊಬ್ಬೆ ಎದ್ದಿತ್ತು. ಎಳೇ ಮಗುವಿಗೆ ನೋಡುತ್ತೀವಲ್ಲ, ಹಾಗೆ ಮೊಣಕೈ ಅದ್ದಿ ನೋಡು. ರೇಡಿಯೇಷನ್ ಆದ ಜಾಗಕ್ಕೂ ಉಗುರು ಬೆಚ್ಚಗಿನ ನೀರೇ. ಸೀಗೆಪುಡಿ ಹಾಕಿ ಉಜ್ಜುವುದು ಬೇಡ. ಅಂಗಳದಲ್ಲೂ ಬರಿಗಾಲಲ್ಲಿ ಓಡಾಡಬೇಡ.

ಡಿಸ್ಚಾರ್ಜ್ ಸಮ್ಮರಿ, ಕೊನೆಯ ಬ್ಲಡ್ ರಿಪೋರ್ಟ್ ಎರಡನ್ನೂ ಫೋನಿನಲ್ಲಿ ಫೋಟೋ ಇಟ್ಟುಕೊ, ಒಂದು ಝೆರಾಕ್ಸ್ ಯಜಮಾನರ ಬ್ಯಾಗಿನಲ್ಲಿರಲಿ. ಜ್ವರ 100.4 ದಾಟಿದರೆ ಮನೆ ಕಷಾಯ ಕುಡಿದು ನೋಡೋಣ ಅನ್ನಬೇಡ, ನಿನ್ನ ಡಾಕ್ಟರಿಗೆ ಫೋನ್ ಮಾಡು.

ಹಳಿ ಮೇಲಿನ ಮಾತು | ಜನವರಿ 8

ರೈಲೇ ಒಳ್ಳೆಯದು ಮೇಡಂ. ಕಾರಿನಲ್ಲಿ ಏಳೆಂಟು ಗಂಟೆ ಕೂತರೆ ಕಾಲು ಹಿಡಿದುಕೊಳ್ಳುತ್ತೆ, ಬೇಕೆಂದಾಗ ಟಾಯ್ಲೆಟ್ ಸಿಗಲ್ಲ. ಮೈಸೂರು-ತಾಳಗುಪ್ಪ ರಾತ್ರಿ ರೈಲು ಬೆಂಗಳೂರು ಮೇಲೆಯೇ ಹೋಗುತ್ತೆ. ಮಲಗಿದರೆ ಬೆಳಿಗ್ಗೆ ಸಾಗರ. ಟಿಕೆಟ್ ಮಾಡುವಾಗ 'ಸಾಗರ ಜಂಬಗಾರು' ಅಂತ ಹುಡುಕಿ. 45 ದಾಟಿದ ಹೆಂಗಸರಿಗೆ ಲೋಯರ್ ಬರ್ತ್ ಕೋಟಾ ಇದೆ, ನಿಮಗೆ ಅನ್ವಯಿಸುತ್ತೆ. ಗಣರಾಜ್ಯೋತ್ಸವದ ರಜೆ, ಇವತ್ತೇ ಬುಕ್ ಮಾಡಿಬಿಡಿ.

ಹಾಸನದ ಹುಡುಗ | ಜನವರಿ 8

ಕ್ಯಾನ್ಸರ್ ಪೇಷೆಂಟ್‌ಗೆ ರೈಲು ಫ್ರೀ ಅಂತಾರಲ್ಲ, ಅದನ್ನು ಬಳಸಬಹುದಾ?

ಹಳಿ ಮೇಲಿನ ಮಾತು | ಜನವರಿ 8

ರಿಯಾಯಿತಿ ಇದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೇಷೆಂಟ್‌ಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ 75%. ಆದರೆ ಅದು ಚಿಕಿತ್ಸೆಗೆ ಅಥವಾ ಚೆಕಪ್‌ಗೆ ಆಸ್ಪತ್ರೆಗೆ ಹೋಗಿ ಬರುವುದಕ್ಕೆ ಮಾತ್ರ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ತವರಿಗೆ ಹೋಗುವುದಕ್ಕೆ ಕೊಡಲ್ಲ. ಕೊಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಅದಿರಲಿ.

ಮಂಡ್ಯದ ಗಂಡ | ಜನವರಿ 8

ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ. ನಮ್ಮ ಮನೆಯವಳಿಗೆ ಕೊನೆಯ ಕೀಮೋ ಆಗಿ ಹತ್ತೇ ದಿನಕ್ಕೆ ಊರಿಗೆ ಕರಕೊಂಡು ಹೋದೆ. ಅವಳಿಗೆ ಖುಷಿ ಆಗಲಿ ಅಂತ. ಬಂದಿದ್ದೇವೆ ಅಂತ ಗೊತ್ತಾಗಿದ್ದೇ ತಡ, ಜನ ಸಾಲು ಹಿಡಿದು ಬಂದರು. ಒಬ್ಬೊಬ್ಬರೂ ಬಂದು ಕೈ ಹಿಡ್ಕೊಂಡು ಅಳೋದು. ಇವಳು ಒಬ್ಬೊಬ್ಬರನ್ನೂ ಸಮಾಧಾನ ಮಾಡೋದು! ಕಾಯಿಲೆ ಇವಳಿಗೆ, ಸಮಾಧಾನ ಅವರಿಗೆ. ಬಂದವರಲ್ಲಿ ಯಾರಿಗೋ ನೆಗಡಿ ಇತ್ತು. ಮೂರನೇ ದಿನಕ್ಕೆ ಇವಳಿಗೆ ಜ್ವರ, ಬಿಳಿ ರಕ್ತಕಣ ಬಿದ್ದು ಹೋಗಿತ್ತು, ಐದು ದಿನ ಅಡ್ಮಿಟ್.

ನಿಮಗೆ ಕೀಮೋ ಮುಗಿದು ಎರಡು ತಿಂಗಳ ಮೇಲಾಗಿದೆ, ಆ ಭಯ ಅಷ್ಟಿಲ್ಲ. ಆದರೂ ನಿಮ್ಮ ಅತ್ತಿಗೆ ಗಟ್ಟಿಯವರಾಗಿದ್ದರೆ ಅವರನ್ನು ಬಾಗಿಲಿಗೆ ಹಾಕಿ. "ಮಲಗಿದ್ದಾಳೆ" ಅನ್ನೋಕೆ ಒಬ್ಬರು ಬೇಕು.

ಸೊರಬದ ಮೇಷ್ಟ್ರು | ಜನವರಿ 8

ಒಂದು ವಿಷಯ ಯಾರೂ ಎತ್ತಲಿಲ್ಲ. ಜನವರಿಯಲ್ಲಿ ನಮ್ಮ ಕಡೆ ಬರುತ್ತಿದ್ದೀರಿ ಅಂದರೆ ಮಂಗನ ಕಾಯಿಲೆ ನೆನಪಿರಲಿ. ಆ ರೋಗ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಉಣುಗುಗಳ, ಅಂದರೆ ಉಣ್ಣೆ ಹುಳುಗಳ ಕಾಲ. 2019ರಲ್ಲಿ ನಿಮ್ಮದೇ ಸಾಗರ ತಾಲ್ಲೂಕಿನ ಅರಳಗೋಡು ಎಷ್ಟು ನರಳಿತು ಅಂತ ನಿಮಗೇ ಗೊತ್ತಿರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ, ಉಣುಗು ಕಚ್ಚಿದರೆ, ಇಲ್ಲವೇ ಕಾಯಿಲೆ ಬಿದ್ದ ಅಥವಾ ಸತ್ತ ಮಂಗವನ್ನು ಮುಟ್ಟಿದರೆ ಬರಬಹುದು. ಹಾಗಾಗಿ ಹೆದರಿ ಪ್ರಯಾಣ ಬಿಡಬೇಕಾಗಿಲ್ಲ. ಸೊಪ್ಪಿನಬೆಟ್ಟಕ್ಕೆ, ದರಗು (ಒಣ ಎಲೆ) ಬಿದ್ದ ಕಡೆಗೆ ಹೋಗಬೇಡಿ. ಮಕ್ಕಳೂ ಹೋಗುವುದು ಬೇಡ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಅಂತ ಅಣ್ಣನ ಹತ್ತಿರ ಮೊದಲೇ ಕೇಳಿ. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತದೆ. ಅದನ್ನು ಕೈಕಾಲಿಗೆ ಮಾತ್ರ ಹಚ್ಚಿ, ರೇಡಿಯೇಷನ್ ಆದ ಚರ್ಮಕ್ಕೆ ಬೇಡ.

ತುಮರಿಗೆ ಧೈರ್ಯವಾಗಿ ಹೋಗಿ. ಮೊದಲಾದರೆ ಸಂಜೆ ಲಾಂಚ್ ನಿಂತಿತು ಅಂದರೆ ಆ ದಡದವರು ಆ ದಡದಲ್ಲೇ. ರಾತ್ರಿ ಜ್ವರ ಬಂದರೆ ದೇವರೇ ಗತಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಆ ಚಿಂತೆ ಇಲ್ಲ.

ಹಸಿರು ಹೊನ್ನು | ಜನವರಿ 9

ಅಕ್ಕ, ಶಿವಮೊಗ್ಗ ಕಡೆ ಕ್ಯಾನ್ಸರ್‌ಗೆ ಮರದ ತೊಗಟೆ ಔಷಧಿ ಕೊಡುತ್ತಾರೆ. ಹೇಗೂ ಆ ದಾರಿಯಲ್ಲೇ ಹೋಗುತ್ತೀರಲ್ಲ, ಒಂದು ಸಲ ತಗೊಂಡು ನೋಡಿ. ಮಾತ್ರೆ ಬಿಟ್ಟರೂ ನಡೆಯುತ್ತೆ ಅಂತ ನಮ್ಮ ಪರಿಚಯದವರು ಹೇಳಿದರು.

ಜಯನಗರದ ಅಕ್ಕ | ಜನವರಿ 9

ಬೇಡ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಇಲ್ಲಿ ಹೀಗೆ ಬರೆಯಬೇಡಿ. ಟಮಾಕ್ಸಿಫೆನ್ ಐದು ವರ್ಷ, ಕೆಲವರಿಗೆ ಹತ್ತು ವರ್ಷ ಕೊಡುವುದು ಸುಮ್ನೆ ಅಲ್ಲ, ಕಾಯಿಲೆ ತಿರುಗಿ ಬರದೇ ಇರಲಿ ಅಂತ. ಅದರ ಜೊತೆ ಏನಿದೆಯೋ ಗೊತ್ತಿಲ್ಲದ ಕಷಾಯ ಕುಡಿದು ಲಿವರ್ ಹಾಳಾದರೆ ಹೊಣೆ ಯಾರು? ತಂಗೀ, ಇದೇ ಮಾತು ನಿಮ್ಮೂರಲ್ಲಿ ಕನಿಷ್ಠ ಆರು ಜನ ಹೇಳುತ್ತಾರೆ. "ಡಾಕ್ಟರನ್ನು ಕೇಳಿ ತಗೋತೀನಿ" ಅಂದುಬಿಡು. ಅಲ್ಲಿಗೆ ಮಾತು ಮುಗಿಯುತ್ತೆ.

ನ್ಯೂಜೆರ್ಸಿ ಮಗಳು | ಜನವರಿ 10

ನಾನು ಆ ಕಡೆಯವಳು. ಅಂದರೆ, ಯಾರಿಂದ ಮುಚ್ಚಿಟ್ಟರೋ ಅವಳು. ಮೈಸೂರಿನಲ್ಲಿ ಅಪ್ಪನಿಗೆ ಕರುಳಿನ ಕ್ಯಾನ್ಸರ್ ಆಗಿ, ಆಪರೇಷನ್ ಆಗಿ, ಕೀಮೋ ಅರ್ಧ ಮುಗಿದಿತ್ತು. ನನಗೆ "ಗ್ಯಾಸ್ಟ್ರಿಕ್". "ಅಷ್ಟು ದೂರ ಇದ್ದೀಯ, ಕೇಳಿ ಏನು ಮಾಡ್ತಿದ್ದೆ?" ಅಂದರು. ಅಪ್ಪ ಈಗ ಚೆನ್ನಾಗಿದ್ದಾರೆ, ಹೋದ ವರ್ಷ ಎಲ್ಲರೂ ಸೇರಿ ಚಿಕ್ಕಪ್ಪನ ಮನೆಗೆ ಹೋಗಿ ಬಂದೆವು. ಆದರೆ ಇವತ್ತಿಗೂ ಅಮ್ಮ "ಅಪ್ಪನಿಗೆ ನೆಗಡಿ" ಅಂದರೆ ನನಗೆ ನಂಬಿಕೆ ಬರಲ್ಲ. ಬರೀ ನೆಗಡಿನಾ ಅಂತ ತಮ್ಮನಿಗೆ ಇನ್ನೊಂದು ಫೋನ್ ಮಾಡುತ್ತೇನೆ. ನಿಮ್ಮ ಅಮ್ಮನಿಗೆ ಹೇಳಿ. ವಿಗ್ ಜಾರಿ ಗೊತ್ತಾಗುವುದು ಬೇಡ.

ಸಂಕ್ರಾಂತಿ | ಜನವರಿ 10

ನನಗೆ ಹಾಗೆ ಅನಿಸಲ್ಲ. ಕ್ಷಮಿಸಿ. ನಾವು ನಮ್ಮ ಅತ್ತೆಗೆ ಅವರ ಮಗನ ವಿಷಯ ಹೇಳಿದೆವು. ಒಪ್ಪೊತ್ತು ಶುರು ಮಾಡಿದರು, ಶುಗರ್ ಏರುಪೇರಾಗಿ ಅವರನ್ನೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ಮನೆಯಲ್ಲಿ ಇಬ್ಬರು ಪೇಷೆಂಟು. ಎಲ್ಲ ತಾಯಂದಿರೂ ಒಂದೇ ಥರ ಇರಲ್ಲ. ನಿಮ್ಮ ಅಮ್ಮ ಹೇಗೆ ಅಂತ ನಿಮಗೆ ಮಾತ್ರ ಗೊತ್ತು.

ತೋಟದಮನೆ ಕೂಸು | ಜನವರಿ 11

ಎಲ್ಲವನ್ನೂ ಎರಡೆರಡು ಸಲ ಓದಿದೆ. ಸಂಕ್ರಾಂತಿ ಅವರೇ, ನಿಮ್ಮ ಮಾತು ಕೇಳಿ ಒಂದು ರಾತ್ರಿ ಹಿಂದೆ ಸರಿದಿದ್ದೆ, ನಿಜ. ಆದರೆ ನನ್ನ ಅಮ್ಮ ಅಪ್ಪಯ್ಯನ ಹದಿಮೂರನೇ ದಿನ ಮುಗಿಸಿ ಮಾರನೇ ದಿನ ಅಡಿಕೆ ಕೊನೆ ಕೊಯ್ಯುವ ಕೊನೆಗಾರರಿಗೆ ಅಡುಗೆ ಮಾಡಿದವಳು. ಅಳುತ್ತಲೇ ಮಾಡಿದಳು, ಆದರೆ ಸಾರಿಗೆ ಉಪ್ಪು ಸರಿಯಾಗಿತ್ತು. ತಡ್ಕೊಳ್ಳದೇ ಇರುವವಳು ಅವಳಲ್ಲ. ಹೇಳೋಕೆ ಧೈರ್ಯ ಸಾಲದವರು ನಾನು, ಅಣ್ಣ.

ರೈಲಿನಲ್ಲಿ ಟಿಕೆಟ್ ಆಯಿತು, ಎರಡು ಲೋಯರ್ ಸಿಕ್ಕಿತು. ಹೋಗಿ ಬಂದು ಬರೆಯುತ್ತೇನೆ.

ಹಾಸನದ ಹುಡುಗ | ಜನವರಿ 11

ಸುಖವಾಗಿ ಹೋಗಿ ಬನ್ನಿ ಅಕ್ಕ.

ತೋಟದಮನೆ ಕೂಸು | ಜನವರಿ 30

ಬಂದಿದ್ದೇವೆ. ಬಟ್ಟೆ ಒಗೆಯುವುದು ಇನ್ನೂ ಬಾಕಿ ಇದೆ, ಆದರೂ ಇದನ್ನು ಮೊದಲು ಬರೆಯುತ್ತೇನೆ.

ಫೋನಿನಲ್ಲಿ ಹೇಳಬೇಕು ಅಂತ ಮೂರು ಸಲ ಹೊರಟೆ, ಮೂರು ಸಲವೂ "ಊಟ ಆಯ್ತಾ" ಅಂತ ಕೇಳಿ ಇಟ್ಟೆ. ಕೊನೆಗೆ ಅತ್ತಿಗೆಗೆ ಹೇಳಿದೆ. ನಾವು ಹೊರಡುವ ಹಿಂದಿನ ದಿನ ಅವಳು ಅಮ್ಮನಿಗೆ ಅರ್ಧ ಮಾತ್ರ ಹೇಳಿದ್ದಳು. ಔಷಧಿ ಜೋರು, ಕೂದಲು ಉದುರಿದೆ, ಈಗ ಹುಷಾರಾಗಿದ್ದಾಳೆ. ಕಾಯಿಲೆಯ ಹೆಸರು ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಇಳಿದೆವು. ಟೋಪಿ ತೆಗೆದೆ. ಅಮ್ಮ ನೋಡಿದಳು. "ಕೂಸೇ, ಇದೆಂತದೇ ತಲೆ" ಅಂದಳು ಅಷ್ಟೇ. ಒಳಗೆ ಹೋಗಿ ಆಸ್ರಿಗೆ ತಂದಳು, ಬೆಲ್ಲ ನೀರು. ಎಲ್ಲರಿಗೂ ಕೊಟ್ಟಳು. ನಾನು ಲೋಟ ಕೆಳಗಿಟ್ಟು ಹೆಸರು ಹೇಳಿದೆ. ಅಮ್ಮಾ, ಕ್ಯಾನ್ಸರ್ ಆಗಿತ್ತು, ಟ್ರೀಟ್‌ಮೆಂಟ್ ಎಲ್ಲ ಮುಗೀತು.

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಲೆಕ್ಕ ಶುರು ಮಾಡಿದಳು. "ಚೌತಿಗೆ ಬರಲಿಲ್ಲ, ಮಾಣಿಗೆ ಕಾಲೇಜು ಅಂದಿ. ಅದು ಸುಳ್ಳಾ?" ಸುಳ್ಳು. "ನವರಾತ್ರಿಗೆ ರಜೆ ಇಲ್ಲ ಅಂದಿದ್ದು?" ಅದೂ ಸುಳ್ಳು. "ದೀಪಾವಳಿ ಜ್ವರ?" ಅದು ಮಾತ್ರ ನಿಜ ಅಮ್ಮ, ಜ್ವರ ಇತ್ತು. "ಕ್ಯಾಮೆರಾ?" ಅಷ್ಟು ಹೊತ್ತಿಗೆ ಮಗಳಿಗೆ ನಗು ತಡೆಯಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು. ಅಮ್ಮ ನಗಲಿಲ್ಲ. ಅಣ್ಣನ ಕಡೆ ತಿರುಗಿ "ನಾನು ಇದ್ದೀನೋ ಸತ್ತೀನೋ ಈ ಮನೇಲಿ" ಅಂದಳು. ಅವನು ತೋಟಕ್ಕೆ ನೀರು ಬಿಡಬೇಕು ಅಂತ ಎದ್ದು ಹೋದವನು ಊಟಕ್ಕೇ ಬಂದಿದ್ದು.

ಮಧ್ಯಾಹ್ನವೆಲ್ಲ ಹೀಗೇ. ಒಂದೆಲಗದ ತಂಬುಳಿ ಬಡಿಸುತ್ತಾ ಒಂದು ಪ್ರಶ್ನೆ, ಎಲೆ ಎತ್ತುವಾಗ ಇನ್ನೊಂದು. ಜೂನ್‌ನಲ್ಲಿ ಹಲಸಿನ ಹಪ್ಪಳ ಕಳಿಸಿದ್ದೆನಲ್ಲ, ತಿಂದಿ ಅಂದಿದ್ದೆಯಲ್ಲ? ಬಾಯಿ ಹುಣ್ಣಾಗಿತ್ತು ಅಮ್ಮ, ಮಕ್ಕಳು ತಿಂದರು. ಆ ಉತ್ತರಕ್ಕೆ ಮಾತ್ರ ಸೆರಗು ಕಣ್ಣಿಗೆ ಹೋಯಿತು. ಕ್ಯಾನ್ಸರ್ ಅಂದಾಗ ಬಾರದ ಕಣ್ಣೀರು ಹಪ್ಪಳಕ್ಕೆ ಬಂತು.

ಜಯನಗರದ ಅಕ್ಕಾ, ನಿಮ್ಮ ಬಚ್ಚಲ ಮಾತು ನೂರಕ್ಕೆ ನೂರು ನಿಜ. ನಾನು ಮೊಣಕೈ ಅದ್ದುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮಾರನೇ ದಿನದಿಂದ ತಾನೇ ನೀರು ಹದ ಮಾಡಿ, ಮೊಣಕೈ ಅದ್ದಿ, "ಬಾ" ಅನ್ನುತ್ತಿದ್ದಳು. ಎಣ್ಣೆಯನ್ನೂ ಹಚ್ಚಿದಳು, ಒಂದಿಂಚು ಕೂದಲಿಗೆ. ಒಂದು ಚಮಚವೂ ಬೇಕಾಗಲಿಲ್ಲ. ಅಭ್ಯಾಸಕ್ಕೆ ಬಟ್ಟಲು ತುಂಬಾ ತಂದಿದ್ದಳು.

ಮಂಡ್ಯದ ಅಣ್ಣಾ, ಬಾಗಿಲಿಗೆ ಅತ್ತಿಗೆಯನ್ನು ಹಾಕಿದ್ದು ಫಲ ಕೊಟ್ಟಿತು. ಆದರೆ ಆಲೆಮನೆಗೆ ಬಾಗಿಲು ಎಲ್ಲಿದೆ? ಭಾನುವಾರ ಸಂಜೆ ಅರ್ಧ ಊರು ಅಲ್ಲೇ. ಕೊಪ್ಪರಿಗೆ ಹತ್ತಿರ ನಿಂತರೆ ಸಾಕು, ಟಮಾಕ್ಸಿಫೆನ್ ಮಾತ್ರೆಯಿಂದ ಮೈಗೇರುವ ಬಿಸಿ ಒಳಗಿಂದ, ಒಲೆಯ ಬಿಸಿ ಹೊರಗಿಂದ. ಬೆವರಿ ಟೋಪಿ ತೆಗೆದುಬಿಟ್ಟೆ. ಮಾತು ನಿಂತಿತು. ಆಚೆಮನೆ ಅತ್ತೆ ನನ್ನ ತಲೆಯನ್ನೇ ನೋಡುತ್ತಾ "ಏನೇ, ತಿರುಪತಿಗೆ ಮುಡಿ ಕೊಟ್ಟಿದ್ಯಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ "ಹೌದೇ, ನನ್ನ ಹರಕೆ ಇತ್ತು" ಅಂದಳು. ಕಣ್ಣು ಮಿಟುಕಿಸಲಿಲ್ಲ! ಆಮೇಲೆ ಲಾಡು ಯಾಕೆ ಕೊಡಲಿಲ್ಲ ಅಂತ ಆಚೆಮನೆಯವರು ಕೇಳಿದರು. ಅದಕ್ಕೂ ಅಮ್ಮನ ಹತ್ತಿರ ಉತ್ತರ ಇತ್ತು.

ಕಬ್ಬಿನ ಹಾಲು ಅರ್ಧ ಲೋಟ ಕುಡಿದೆ. ಗಾಣ ತೊಳೆದ ಮೇಲೆ ಮೊದಲು ಬಂದಿದ್ದು, ಐಸ್ ಇಲ್ಲ. ಏನೂ ಆಗಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ತೊಡದೇವು ಮಾಡಿದರು. ಬೋರಲು ಹಾಕಿದ ಮಡಕೆ ಮೇಲೆ ಬಟ್ಟೆಯಲ್ಲಿ ಹಿಟ್ಟು ಸವರುವುದು ನನ್ನ ಕೆಲಸ, ಚಿಕ್ಕಂದಿನಿಂದಲೂ. ಈ ಸಲ ಎಲ್ಲರೂ "ಕೂತ್ಕೋ, ಕೂತ್ಕೋ" ಅಂದರು. ಮೂರು ದಿನ ಕೂತಿದ್ದೇ ಆಗಿತ್ತು. ಕೊನೆಗೆ ದೊಡ್ಡಮ್ಮ "ಬಲಗೈ ಸರಿ ಇದೆಯಲ್ಲ, ಮಾಡಲಿ ಬಿಡಿ" ಅಂತ ಬಟ್ಟೆ ಕೊಟ್ಟರು. ಮೊದಲ ನಾಲ್ಕು ಹರಿದುಹೋಯಿತು. ಬೆರಳ ತುದಿಗೆ ಸ್ಪರ್ಶ ಸರಿಯಾಗಿ ಇಲ್ಲ, ಹಿಟ್ಟು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹರಿದಿದ್ದನ್ನೆಲ್ಲ ಮಗ ತಿಂದ. ಐದನೆಯದು ಎದ್ದು ಬಂತು.

ಮೇಷ್ಟ್ರೇ, ಬೆಟ್ಟದ ಕಡೆ ಯಾರೂ ಹೋಗಲಿಲ್ಲ. ಸೇತುವೆ ಮೇಲೆ ಗಾಡಿ ನಿಲ್ಲಿಸಿ ಹಿನ್ನೀರು ನೋಡಿದೆವು. ಮಗಳಿಗೆ ಲಾಂಚ್ ಹತ್ತಲಿಲ್ಲ ಅಂತ ಬೇಜಾರು.

ತೊಗಟೆ ಔಷಧಿ ಹೇಳಿದವರು ಆರಲ್ಲ, ಒಂಬತ್ತು ಜನ.

ಸಂಕ್ರಾಂತಿ | ಜನವರಿ 30

ನಾನು ಹೇಳಿದ್ದು ನಿಮ್ಮ ಮನೆಗೆ ಹೊಂದಲಿಲ್ಲ, ಒಳ್ಳೆಯದೇ ಆಯಿತು. ಈಗ ಅಮ್ಮ ಹೇಗಿದ್ದಾರೆ?

ತೋಟದಮನೆ ಕೂಸು | ಜನವರಿ 30

ದಿನಾ ಎರಡು ಸಲ ವಿಡಿಯೋ ಕಾಲ್. "ಕ್ಯಾಮೆರಾ ರಿಪೇರಿ ಆಯ್ತಲ್ಲ" ಅಂತ ಚುಚ್ಚುತ್ತಾಳೆ. ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ಅತ್ತಿಗೆ ಹೇಳಿದಳು. ಅದಕ್ಕೇನು ಮಾಡಬೇಕು ಗೊತ್ತಾಗುತ್ತಿಲ್ಲ. ಮಾರ್ಚ್‌ನಲ್ಲಿ ನನ್ನ ಚೆಕಪ್, ಆಗ ಇಲ್ಲಿಗೆ ಕರೆಸಿ ಡಾಕ್ಟರ ಮುಂದೆಯೇ ಕೂರಿಸುತ್ತೇನೆ. ಕೇಳಬೇಕಾಗಿದ್ದನ್ನೆಲ್ಲ ಅವಳೇ ಕೇಳಲಿ.

ಜಯನಗರದ ಅಕ್ಕ | ಜನವರಿ 31

ಹಾಗೇ ಮಾಡು. ಕೈ ಹೇಗಿದೆ? ಬಳೆ?

ತೋಟದಮನೆ ಕೂಸು | ಜನವರಿ 31

ಕೈ ಸಂಜೆ ಹೊತ್ತಿಗೆ ಸ್ವಲ್ಪ ದಪ್ಪ ಅನಿಸುತ್ತೆ, ವ್ಯಾಯಾಮ ಮಾಡುತ್ತಿದ್ದೇನೆ, ಚೆಕಪ್‌ನಲ್ಲಿ ತೋರಿಸುತ್ತೇನೆ. ಬಳೆ ಬಿಡಲಿಲ್ಲ ಅಕ್ಕ. ಹೊರಡುವ ದಿನ ಅತ್ತಿಗೆ ಸಾಗರ ಪೇಟೆಗೆ ಕರಕೊಂಡು ಹೋದಳು. ನನ್ನ ಅಳತೆ ಯಾವಾಗಲೂ ಎರಡು-ಆರು. ಎಡಗೈಗೆ ಬಳೆಗಾರ "ಇದು ಬೇಡ, ಎರಡು-ಎಂಟು ಹಾಕ್ತೀನಿ, ಸಡಿಲ ಇರಲಿ" ಅಂದ, ಕಾರಣ ಕೇಳಲಿಲ್ಲ. ಎರಡೂ ಡಜನ್ ತಗೊಳ್ಳಬೇಕಾಯಿತು. ಉಳಿದ ಎರಡು-ಆರು ಮಗಳ ಕೈಗೆ ಹೋಯಿತು, ಎರಡು-ಎಂಟು ಅತ್ತಿಗೆ ಹಾಕಿಕೊಂಡಳು. ಹಸಿರು ಬಳೆ, ಮೂರೂ ಜನಕ್ಕೆ ಒಂದೇ ಬಣ್ಣ.